ಕಂಬದ ಮೇಲಿಟ್ಟ ಕೈ

ಕೈಯಾರೆ ದುಡ್ಡು ಕೊಟ್ಟು ಮನೆಗೆ ತಂದ ವಸ್ತು ಖೊಟ್ಟಿ ಎಂದು ಯಾವ ಯಜಮಾನನೂ ತಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನೀರೆತ್ತದ ಪಂಪಿನ ಮಾಲೀಕ ಬಾವಿಯಲ್ಲೇ ನೀರು ಕಡಿಮೆ ಎನ್ನುತ್ತಾನೆ. ಏರು ಬಂದರೆ ಕೆಮ್ಮುವ ಮೋಟಾರ್ ಸೈಕಲ್ಲಿನವನು ಪೆಟ್ರೋಲು ಕಲಬೆರಕೆ ಎನ್ನುತ್ತಾನೆ. ಸೋರುವ ಸ್ಲ್ಯಾಬಿನ ಕೆಳಗೆ ಬಕೆಟ್ ಇಟ್ಟುಕೊಂಡು ಮಲಗಿದವನು ಬೆಳಗ್ಗೆ ಎದ್ದು ಅದೇ ಮೇಸ್ತ್ರಿಯ ಫೋನ್ ನಂಬರನ್ನು ನೆರೆಯವನಿಗೆ ಕೊಡುತ್ತಾನೆ. ಕೊಡುವಾಗ "ಕೆಲಸ ಒಂದು ನಂಬರ್" ಅಂತಲೂ ಸೇರಿಸುತ್ತಾನೆ. ಮೋಸ ಹೋದವ ಎಂಬ ಹೆಸರು ಬರಬಾರದಲ್ಲ! ಅಷ್ಟೇ ಆಗಿದ್ದರೆ ಕ್ಷಮಿಸಿಬಿಡಬಹುದಿತ್ತು. ಅದರ ಅಡಿಯಲ್ಲಿ ಇನ್ನೊಂದಿರುತ್ತದೆ. ನಾನೊಬ್ಬನೇ ಯಾಕೆ ಮುಳುಗಬೇಕು, ಅವನೂ ಮುಳುಗಲಿ ಎಂಬ ಆಸೆ.

ಹಣಮಂತ್ರಾಯನ ಬದುಕಿನಲ್ಲಿ ಈ ಆಸೆ ನಿಜವಾಗಿಯೂ ನೀರಿಗೆ ಇಳಿಯಿತು.

ಹಣಮಂತ್ರಾಯ ಕರಜಗಿ ಸೀಮೆಯ ಹೊಳೆದಂಡೆಯವನು. ಐವತ್ತೆರಡು ವರ್ಷ. ಅಪ್ಪ, ಅಜ್ಜ ಎಲ್ಲರೂ ಭೀಮೆಯಲ್ಲಿ ಹುಟ್ಟು ಹಾಕಿದವರೇ. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟು ಅಪ್ಪನ ಹರಗೋಲಿನಲ್ಲಿ ಕೂತವನು ಮತ್ತೆ ನೆಲದ ಕೆಲಸ ಹುಡುಕಲಿಲ್ಲ. ಇಪ್ಪತ್ತೆರಡಕ್ಕೆ ಜೇವರ್ಗಿ ಕಡೆಯ ನೆಲೋಗಿಯಿಂದ ನಿಂಬೆವ್ವನನ್ನು ಮದುವೆ ಮಾಡಿಕೊಂಡು ಬಂದ. ಒಣ ಹೊಲದ ಊರಿನ ಹುಡುಗಿ ಮೊದಲ ವರ್ಷ ಹೊಳೆ ನೋಡಿದರೆ ಕಣ್ಣು ಮುಚ್ಚುತ್ತಿದ್ದಳು. ಈಗ ಬಲೆ ಹೆಣೆಯುತ್ತಾಳೆ, ಮೀನು ನೋಡಿಯೇ ತೂಕ ಹೇಳುತ್ತಾಳೆ. ಕೆಲಸದಲ್ಲಿ ಹಣಮಂತ್ರಾಯನಿಗೆ ಕೊಂಕು ತೆಗೆದು ಹೆಸರಿಡುವವರಿಲ್ಲ. ಬ್ಯಾರೇಜಿನ ಹಿನ್ನೀರು ತುಂಬಿ ಹೊಳೆ ಅಗಲವಾದ ಮೇಲೆ ಆಚೆ ದಂಡೆಗೆ ಜನ ದಾಟಿಸುವುದಕ್ಕೂ ಮೀನಿಗೂ ಅವನಿಗೆ ಕೈತುಂಬ ಕೆಲಸವಿತ್ತು. ಸಾಕಾಗುವಷ್ಟಿತ್ತು ಅನ್ನಿ. ಆದರೆ ಅದೇ ಘಾಟಿನಲ್ಲಿ ಮಾಳಿಂಗನೂ ಇದ್ದ.

ಮಾಳಿಂಗ ಅವನಿಗಿಂತ ಎಂಟು ವರ್ಷ ಚಿಕ್ಕವನು. ದೂರದಿಂದ ತಮ್ಮನಾಗಬೇಕು. ಇಬ್ಬರೂ ಒಂದೇ ಬೆಳಗ್ಗೆ ಒಂದೇ ನೀರಿಗೆ ಬಲೆ ಬಿಟ್ಟರೂ ಮಾಳಿಂಗನ ಬಲೆ ಎಳೆಯುವಾಗ ಭಾರ. ಆಚೆ ದಂಡೆಯಲ್ಲಿ ನಿಂತವರು ಕೈಬೀಸಿ ಕೂಗುವುದು "ಮಾಳಿಂಗ ಅದಾನೇನ್ರಿ?" ಅಂತ. ಇಲ್ಲ, ಹಣಮಂತ್ರಾಯ ಬರುತ್ತಾನೆ ಎಂದರೆ "ಇರ್ಲಿ ಬಿಡ್ರಿ, ಅವ ಬರೂತನ ಕೂಡ್ತೀವಿ" ಎಂದು ಜಾಲಿ ಮರದ ನೆರಳಿಗೆ ಕೂತುಬಿಡುತ್ತಿದ್ದರು. ಮಾಳಿಂಗನ ಮಗಳು ಕಡಗಂಚಿಯಲ್ಲಿ ದೊಡ್ಡ ಓದು ಓದುತ್ತಿದ್ದಳು. ಮಾಳಿಂಗನ ಹೆಂಡತಿ ಕಸ್ತೂರಿಬಾಯಿ ಹರಗೋಲಿನಲ್ಲಿ ಕೂತು ನಗುತ್ತಿದ್ದಳು. ಆ ನಗು ನೀರ ಮೇಲೆ ಜಾರಿಕೊಂಡು ಈ ದಂಡೆಯ ತನಕ ಬರುತ್ತಿತ್ತು. ಗಂಡನ ಜೊತೆ ಇಷ್ಟು ವರ್ಷ ಬಾಳಿದವಳು ದಿನಾ ನಗುವಂಥದ್ದು ಏನಿರುತ್ತದೆ? ಹಣಮಂತ್ರಾಯ ಬಹಳ ಸಲ ಯೋಚಿಸಿದ್ದ. ಒಮ್ಮೆ ನಿಂಬೆವ್ವನನ್ನೇ ಕೇಳಿದ್ದ.

"ನೀ ಯಾಕ ನಗಂಗಿಲ್ಲ ಬೇ?"

"ನೀವು ನಗೋವಂಥಾ ಮಾತು ಯಾವಾಗರ ಆಡೀರೇನು?" ಎಂದಿದ್ದಳು ಅವಳು, ಬಲೆಯಿಂದ ಕಣ್ಣೆತ್ತದೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ. ಮಾಳಿಂಗನಿಗೆ ಹಣಮಂತ್ರಾಯನ ಮೇಲೆ ಹೊಟ್ಟೆಕಿಚ್ಚೇ ಇರಲಿಲ್ಲ. ತನ್ನ ಕಡೆ ತಿರುಗಿಯೂ ಉರಿಯದವನನ್ನು ನೋಡಿ ಉರಿಯುವುದಿದೆಯಲ್ಲ, ಅದರಷ್ಟು ಒಂಟಿ ಕೆಲಸ ಬೇರೊಂದಿಲ್ಲ.

ಹಾಗಾಗಿಯೇ ಅವನು ಹಾಯಿದೋಣಿ ತಂದ. ಆ ದಂಡೆಯಲ್ಲಿ ಎಲ್ಲರದೂ ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ಹರಗೋಲು. ಸೊಲ್ಲಾಪುರದ ಒಬ್ಬ ವ್ಯಾಪಾರಿಯ ಅಂಗಳದಲ್ಲಿ ನೀಲಿ ಬಣ್ಣದ ಫೈಬರ್ ದೋಣಿ ನೋಡಿದ ದಿನ ಹಣಮಂತ್ರಾಯನಿಗೆ ಕಂಡದ್ದು ದೋಣಿಯಲ್ಲ, ಅದನ್ನು ನೋಡುತ್ತಿರುವ ಮಾಳಿಂಗನ ಮುಖ. ದೋಣಿಯ ನಡುವೆ ಕಂಬ ನಿಲ್ಲಿಸಲು ಒಂದು ಗುಣಿ ಇತ್ತು. ಕಂಬಕ್ಕೆ ಹಾಯಿ ಕಟ್ಟಿದರೆ ಗಾಳಿಯೇ ಎಳೆದುಕೊಂಡು ಹೋಗುತ್ತದೆ ಎಂದ ವ್ಯಾಪಾರಿ. ಕಂಬ ಹಣಮಂತ್ರಾಯನದೇ. ಮಾವ ಮದುವೆಯಲ್ಲಿ ಕೊಟ್ಟ ಸಾಗವಾನಿ ತೊಲೆ ಮನೆಯಲ್ಲಿ ಬಿದ್ದಿತ್ತು, ಅದನ್ನೇ ಕೆತ್ತಿಸಿದ. ಹಾಯಿಗೆ ಹೊಸ ತಾಡಪತ್ರಿ ಹೊಲಿಸಿದ. ಮುಂಗಾರಿನ ಮೊದಲ ಪಡುವಣ ಗಾಳಿಗೆ ಹಾಯಿ ಉಬ್ಬಿದಾಗ ದಂಡೆಯ ಜನವೆಲ್ಲ ಎದ್ದು ನಿಂತರು. ಹರಗೋಲು ಅರ್ಧ ತಾಸು ತಿರುಗಿ ತಿರುಗಿ ದಾಟುವ ನೀರನ್ನು ನೀಲಿ ದೋಣಿ ಚಹ ಆರುವುದರೊಳಗೆ ದಾಟಿತು.

ಮಾಳಿಂಗನೂ ನೋಡಿದ. ಅವನ ಮುಖದಲ್ಲಿ ಹಣಮಂತ್ರಾಯ ಹುಡುಕಿದ್ದು ಸಿಗಲಿಲ್ಲ.

"ಏನ್ ಛಲೋ ಅದ ಅಣ್ಣಾ!" ಎಂದು ಓಡಿಬಂದು ಮಾಳಿಂಗ ದೋಣಿಯ ಮೂತಿ ಸವರಿದ. "ಕುದುರಿ ಹೋದಂಗ ಹೋಗ್ತದಲ್ಲೋ! ನಮ್ಮ ಘಾಟಿಗೆ ಒಂದು ಕಳಾ ಬಂತು ನೋಡು."

ನಮ್ಮ ಘಾಟಂತೆ. ಹಣಮಂತ್ರಾಯನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅವನ ರಾಜ್ಯ ಒಂದೂವರೆ ತಿಂಗಳು ನಡೆಯಿತು. ಶ್ರಾವಣದ ಒಂದು ಮಧ್ಯಾಹ್ನ, ಅಡ್ಡಗಾಳಿಗೆ ಹಾಯಿ ಬಿಗಿದಾಗ, ಕಾಲಡಿ ಟಪ್ ಎಂದು ಸದ್ದಾಯಿತು. ಹಲಗೆ ಎತ್ತಿ ನೋಡಿದ. ಕಂಬ ಊರುವ ಗುಣಿಯ ಸುತ್ತ ತಳ ಕೂದಲೆಳೆಯಷ್ಟು ಬಿರಿದು ನೀರು ಒಸರುತ್ತಿತ್ತು. ತಯಾರಿಸಿದವರು ಅಲ್ಲಿ ದಪ್ಪ ಹಾಕಬೇಕಿತ್ತು, ಹಾಕಿರಲಿಲ್ಲ. ಕಂಬ ಅಲುಗಿದಷ್ಟೂ ಬಿರುಕು ಹರಿಯುತ್ತದೆ, ಒಂದು ದಿನ ಕಂಬವೇ ತಳ ಸೀಳಿಕೊಂಡು ಇಳಿಯುತ್ತದೆ. ನಾಲ್ಕನೇ ಈಯತ್ತೆಯವನಿಗೂ ಇದು ಗೊತ್ತಾಗದ ಲೆಕ್ಕವಲ್ಲ.

ವ್ಯಾಪಾರಿಯ ಹತ್ತಿರ ಹೋಗಿ ಜಗಳಾಡಬಹುದಿತ್ತು. ಹೋಗಲಿಲ್ಲ. ಹೋದರೆ ದಂಡೆಗೆ ಸುದ್ದಿಯಾಗುತ್ತದೆ. ಸುದ್ದಿಯಾದರೆ ಮಾಳಿಂಗ ಬಂದು "ಅಯ್ಯೋ ಅಣ್ಣಾ" ಅನ್ನುತ್ತಾನೆ. ಆ ಅಯ್ಯೋ ಕೇಳುವುದಕ್ಕಿಂತ ನೀರು ಕುಡಿದು ಸಾಯುವುದು ಮೇಲು ಅನ್ನಿಸಿತು. ಯಾರೂ ಇಲ್ಲದ ಹೊತ್ತು ನೋಡಿ ದೋಣಿಯನ್ನು ಬೇಲಿಯ ಮರೆಗೆ ಎಳೆದ. ಒಣಗಹಾಕಿದ ನಿಂಬೆವ್ವನ ಹಸಿರು ಸೀರೆ ತಂದು, ಸೆರಗು ಹರಿದು ಬಿರುಕಿಗೆ ತುರುಕಿ, ಮೇಲೆ ಬಿಸಿ ಡಾಂಬರು ಸುರಿದ. ಸೀರೆ ಏನಾಯಿತು ಎಂದು ನಿಂಬೆವ್ವ ಎಂಟು ದಿನ ಹುಡುಕಿದಳು. "ಗಾಳಿಗೆ ಹಾರಿ ಹೊಳಿಪಾಲಾಗಿರಬೇಕು" ಎಂದ ಅವನು.

ಅಲ್ಲಿಂದ ಗಾಳಿ ಜೋರಿದ್ದ ದಿನ ಅವನಿಗೆ ಜ್ವರ. ಗಾಳಿ ಬಿದ್ದ ದಿನ ಹಾಯಿ ಸುತ್ತಿಟ್ಟು ಹುಟ್ಟು ಹಾಕುವುದು. ಯಾಕೆ ಎಂದು ಕೇಳಿದವರಿಗೆ "ಮೈ ಸಡಲ ಆಗ್ತದ, ಒಂದೀಟು ರಟ್ಟಿ ಆಡ್ಸಬೇಕು" ಎನ್ನುವುದು. ದೋಣಿಯ ಬಗ್ಗೆ ಮಾತ್ರ ಅವನ ಬಾಯಿ ಒಂದು ದಿನವೂ ಬತ್ತಲಿಲ್ಲ. ಸೋರಿದಷ್ಟೂ ಹೊಗಳಿದ.

ಈಗ ಆ ದಂಡೆಯ ಒಂದು ಪದ್ಧತಿ ಹೇಳಬೇಕು. ಅಲ್ಲಿ ಎತ್ತಾಗಲಿ, ಇಂಜಿನ್ನಾಗಲಿ, ಹರಗೋಲಾಗಲಿ ಕೊಳ್ಳುವ ಮೊದಲು ಅಂಥದ್ದೇ ಇಟ್ಟುಕೊಂಡವನ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಮತ್ತೊಮ್ಮೆ ಕೊಳ್ಳುವುದಾದರೆ ಇದನ್ನೇ ಕೊಳ್ಳುತ್ತೀಯಾ? ಮಾಲೀಕ ಆ ವಸ್ತುವಿನ ಮೈಮೇಲೆ ಕೈಯಿಟ್ಟು ಹೌದು ಅಥವಾ ಇಲ್ಲ ಹೇಳಬೇಕು. ಎತ್ತಾದರೆ ಬೆನ್ನಿನುಬ್ಬು ಹಿಣಿಲಿನ ಮೇಲೆ, ದೋಣಿಯಾದರೆ ಮೂತಿಯ ಮೇಲೆ. ಸಾಕ್ಷಿ ಬೇಡ, ಕಾಗದ ಬೇಡ. ಕೈಯಿಟ್ಟು ಆಡಿದ ಮಾತಿನ ಮೇಲೆ ಜನ ತಮ್ಮ ಗಂಟು ಬಿಚ್ಚುತ್ತಾರೆ. ಇಲ್ಲ ಅಂದವನನ್ನು ನೋಡಿ ಯಾರೂ ನಕ್ಕಿದ್ದಿಲ್ಲ. ಚಂದಪ್ಪನೆಂಬವನು ಕುಂಟೆತ್ತು ತಂದು, ಕೇಳಲು ಬಂದವನ ಎದುರು ಅದರ ಹಿಣಿಲು ತಟ್ಟಿ, "ಇದನ್ನ ಹಗಲು ಹೊತ್ತಿನ್ಯಾಗ ಕಣ್ಣಾರೆ ನೋಡಿ ತಂದ ಕತ್ತೆ ನಾನು, ನೀ ಆಗಬ್ಯಾಡ" ಎಂದಿದ್ದ. ಅಂದಿನಿಂದ ಆ ಸುತ್ತಿನಲ್ಲಿ ಎತ್ತು ಕೊಳ್ಳುವವರೆಲ್ಲ ಚಂದಪ್ಪನನ್ನೇ ಕರೆದುಕೊಂಡು ಹೋಗುತ್ತಾರೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಮಾಳಿಂಗ ಬಂದ. ನಿಂಬೆವ್ವ ಕೊಟ್ಟ ಚಹ ಕುಡಿದು, ಕಪ್ಪು ಕೆಳಗಿಟ್ಟು, ಘಾಟಿಗೆ ನಡೆಯೋಣ ಎಂದ.

"ಅಣ್ಣಾ, ನಿನ್ನಂಥಾದ್ದೇ ತರ್ಬೇಕಂತ ಮಾಡೇನಿ. ಕಸ್ತೂರೀನೂ ಒಂದ ಸವನ ಗಂಟ ಬಿದ್ದಾಳ. ಆಚಿಕಡಿ ಕೆಲಸಕ್ಕ ಹೋಗೋ ಹೆಣ್ಮಕ್ಕಳೆಲ್ಲ ಜಲ್ದಿ ದಾಟಿಸು ಅಂತಾರ. ನೀ ಹೇಳಿದ್ರ ನಾಳಿ ಬಿಟ್ಟು ನಾಡದಾ ಸೊಲ್ಲಾಪುರಕ್ಕ ಹೋಗ್ತೇನಿ."

"ನಿನ್ನ ಹರಗೋಲಿಗೆ ಏನ್ ಧಾಡಿ ಬಂದದ?"

"ಏನೂ ಇಲ್ಲ. ಅದು ಛಲೋನೇ ಅದ. ನಿನ್ನ ದೋಣಿ ನೋಡಿ ಮನಸಾಯ್ತು, ಅಷ್ಟೇ." ಮಾಳಿಂಗ ನಕ್ಕ. "ಹೇಳಣ್ಣಾ. ಮತ್ತ ತೊಗೊಳ್ಳೋದಾದ್ರ ಇದನ್ನೇ ತೊಗೋತಿ?"

ಹಣಮಂತ್ರಾಯ ದೋಣಿಗೆ ಹತ್ತಿದ. ಇಲ್ಲ ಎಂದರೆ ಏನಾಗುತ್ತದೆ ಎಂಬುದು ಅವನ ಕಣ್ಣ ಮುಂದೆ ಪೂರ್ತಿ ಬಂತು. ಮಾಳಿಂಗನ ದುಡ್ಡು ಉಳಿಯುತ್ತದೆ. ಮಾಳಿಂಗ ತನ್ನ ಹರಗೋಲಿಗೆ ಹೋಗಿ ಕೂಡುತ್ತಾನೆ. ಕಸ್ತೂರಿಬಾಯಿ ನಗುತ್ತಾಳೆ. ಮೀನು ಅವನ ಬಲೆಗೇ ಬೀಳುತ್ತವೆ. ಇಷ್ಟು ದಿನ ದೇವರು ಅವನಿಗೆ ಕೊಟ್ಟದ್ದು ಸಾಲದೆ ನಾನೂ ನನ್ನ ಕೈಯಾರೆ ಅವನನ್ನು ಉಳಿಸಬೇಕೇ? ನನ್ನ ತಳ ಒಡೆದ ದೋಣಿಯೂ ಕಡೆಗೆ ಮಾಳಿಂಗನಿಗೇ ಉಪಕಾರಕ್ಕೆ ಬರಬೇಕೇ?

ಆದರೂ ಮೂತಿಯ ಮೇಲೆ ಕೈಯಿಡಲು ಅವನಿಗೆ ಧೈರ್ಯ ಬರಲಿಲ್ಲ. ಕೈ ಚಾಚಿ ಕಂಬ ಹಿಡಿದ. ಮಾವ ಕೊಟ್ಟ ಸಾಗವಾನಿ ಕಂಬ. ಅದರಲ್ಲಿ ಒಂದು ಗೀರಿಲ್ಲ. ಕಂಬದ ಮಟ್ಟಿಗೆ ಇದು ಸುಳ್ಳಲ್ಲ ಎಂದು ಒಳಗೇ ಹೇಳಿಕೊಂಡು, ಬಾಯಿಬಿಟ್ಟು ಹೇಳಿದ:

"ಇದನ್ನೇ ತೊಗೋತೇನಿ."

ಮಾಳಿಂಗ ಅವನ ಕೈ ನೋಡಿದ. ಒಂದು ಗಳಿಗೆ ನೋಡಿದ. ಆಮೇಲೆ ತಲೆಯಾಡಿಸಿ ಹೊರಟುಹೋದ.

ತಿದ್ದಿಕೊಳ್ಳಲು ಹಣಮಂತ್ರಾಯನಿಗೆ ಅವಕಾಶ ಸಿಗಲಿಲ್ಲ ಎಂದು ನೀವು ಅನ್ನಬಾರದು. ಮರುದಿನವೇ ಸಿಕ್ಕಿತು. ಘಾಟಿನ ಮೇಲೆ ಖಲೀಲನ ಚಹದಂಗಡಿಯಲ್ಲಿ ಎಂಟತ್ತು ಜನ ಕೂತಿದ್ದರು, ಮಾಳಿಂಗನೂ ಇದ್ದ. ಹಣಮಂತ್ರಾಯನ ಫೋನು ಬಡಿದುಕೊಂಡಿತು. ದೋಣಿ ತಯಾರಿಸುವ ಕಂಪನಿಯವರು. ಒಂದು ಹುಡುಗಿ ಪುಸ್ತಕದ ಕನ್ನಡದಲ್ಲಿ ಗಡಿಬಿಡಿಯಾಗಿ ಓದುತ್ತಿದ್ದಳು. ಹಣಮಂತ್ರಾಯ ಬೇಕೆಂದೇ ಸ್ಪೀಕರ್ ಒತ್ತಿದ.

"ಸರ್, ನಮ್ಮ ದೋಣಿಯ ಬಗ್ಗೆ ನಿಮಗೆ ಎಷ್ಟು ತೃಪ್ತಿ ಇದೆ? ಒಂದರಿಂದ ಹತ್ತರೊಳಗೆ ಅಂಕ ಕೊಡ್ತೀರಾ?"

"ಹತ್ತು. ಹನ್ನೊಂದಿದ್ರ ಹನ್ನೊಂದು ಬರಕೋ ತಂಗಿ."

ಖಲೀಲ ಸಾಣಿಗೆ ಹಿಡಿದುಕೊಂಡೇ ನಕ್ಕ. "ಅರೆ ಹಣಮಂತ್ರಾಯ, ನನ್ನ ಚಹಾಕ್ಕ ಒಮ್ಮೆರ ಐದು ಕೊಟ್ಟೀಯೇನಪಾ?"

"ಬಿರುಕು, ಸೋರಿಕೆ, ಏನಾದರೂ ತೊಂದರೆ ಕಂಡುಬಂದಿದೆಯಾ ಸರ್? ಇದ್ದರೆ ಹೇಳಿ, ನಾವು ಜನ ಕಳಿಸ್ತೇವೆ, ಸರಿ ಮಾಡಿಕೊಡ್ತೇವೆ."

ಜನ ಕಳಿಸುತ್ತಾರಂತೆ, ಸರಿ ಮಾಡಿಕೊಡುತ್ತಾರಂತೆ. ಎಂಟು ತಿಂಗಳಿನಿಂದ ಅವನು ಡಾಂಬರು ಕಾಯಿಸುತ್ತಿದ್ದಾನೆ. ಕಣ್ಣೆತ್ತಿದ. ಎದುರಿಗೆ ಮಾಳಿಂಗ, ಸಾಸರಿನಲ್ಲಿ ಚಹ ಹಿಡಿದು, ಕಿವಿಗೊಟ್ಟು ಕೂತಿದ್ದಾನೆ.

"ಒಂದು ಹನಿ ಸೋರಿಲ್ಲ."

"ಕೊನೆಯ ಪ್ರಶ್ನೆ ಸರ್. ಮತ್ತೆ ಖರೀದಿ ಮಾಡೋದಾದರೆ ಇದೇ ದೋಣಿ ತಗೊಳ್ತೀರಾ?"

"ಇದನ್ನೇ," ಎಂದ ಹಣಮಂತ್ರಾಯ, ಮಾಳಿಂಗನ ಕಡೆ ನೋಡುತ್ತ.

ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಆ ಹುಡುಗಿ ಹತ್ತಕ್ಕೆ ಹತ್ತು ಎಂದು ಬರೆದುಕೊಂಡಳು. ಇಂಥ ಹತ್ತುಗಳನ್ನೆಲ್ಲ ಕೂಡಿಸಿ ಕಂಪನಿಯವರು ಚಂದದ ಕಾಗದದ ಮೇಲೆ ಅಚ್ಚು ಹಾಕಿಸುತ್ತಾರೆ. ನೀವು ಅದನ್ನು ಓದಿ ನಂಬುತ್ತೀರಿ.

ಮಾಳಿಂಗನ ದೋಣಿ ಬಂತು. ಅದೇ ಅಚ್ಚು, ಅದೇ ನೀಲಿ. ಪೂಜೆ ಮಾಡಿ ಎಲ್ಲರಿಗೂ ಪೇಡೆ ಹಂಚಿದ. ಮೊದಲ ಪೇಡೆ ಹಣಮಂತ್ರಾಯನ ಬಾಯಿಗೆ ತಾನೇ ಇಟ್ಟ. ಮೊದಲ ಸಲ ಹಾಯಿ ಬಿಚ್ಚಿದಾಗ ದೋಣಿಯ ಹಿಂದೆ ಹಗ್ಗ ಕಟ್ಟಿ ಹಳೆಯ ಹರಗೋಲನ್ನೂ ಎಳೆದುಕೊಂಡು ಹೊರಟ. ಹಣಮಂತ್ರಾಯನಿಗೆ ನಗೆ ತಡೆಯಲಾಗಲಿಲ್ಲ.

"ಏನ್ಲೇ ಮಾಳಿಂಗ, ಜೀಪು ತೊಗೊಂಡು ಹಿಂದ ಸೈಕಲ್ಲು ಕಟ್ಕೊಂಡು ಹೊಂಟಿ?"

"ಹದಿನಾರು ವರ್ಷ ಅನ್ನ ಹಾಕೇದಣ್ಣಾ. ದಂಡಿಮ್ಯಾಲ ಬಿಟ್ರ ಬಿದಿರು ಒಣಗಿ ಸೀಳ್ತಾವ. ನೀರಾಗ ಇರ್ಲಿ ಪಾಪ."

"ಪಾಪ ಅಂತ! ಹೆಂಡ್ತಿಗಿಂತ ಹೆಚ್ಚು ಜ್ವಾಕಿ ಮಾಡ್ತಾನ ಅದನ್ನ!" ಎಂದು ಕಸ್ತೂರಿಬಾಯಿ ನಕ್ಕಳು. ದಂಡೆಯೆಲ್ಲ ಅವಳ ಜೊತೆ ನಕ್ಕಿತು.

ಹಣಮಂತ್ರಾಯ ಕಾಯತೊಡಗಿದ. ಅವನ ದೋಣಿ ಒಂದೂವರೆ ತಿಂಗಳಿಗೆ ಬಿರಿದಿತ್ತು. ಮಾಳಿಂಗನದಕ್ಕೆ ಒಂದೂವರೆ ತಿಂಗಳಾಯಿತು, ಎರಡಾಯಿತು. ಗಾಳಿ ಶುರುವಾಯಿತು. ನೀಲಿ ದೋಣಿ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬೆಳಗ್ಗೆ ಹೋಗಿ ಸಂಜೆ ಬರುತ್ತಿತ್ತು. ಅವರೆಲ್ಲ ಆಚೆ ದಂಡೆಯ ಹತ್ತಿ ಹೊಲಗಳಿಗೆ ಕಳೆ ತೆಗೆಯಲು ಹೋಗುವವರು. ಹಣಮಂತ್ರಾಯ ತನ್ನ ಜ್ವರದ ಕಂಬಳಿ ಹೊದ್ದು ಬಾಗಿಲಲ್ಲಿ ಕೂತು ಆ ಹಾಯಿಯನ್ನು ಕಣ್ಣಿನಿಂದ ತಿನ್ನುತ್ತಿದ್ದ. ಏನೂ ಆಗುತ್ತಿಲ್ಲವಲ್ಲ! ಕಂಪನಿಯವರು ಇವನಿಗೆ ಗಟ್ಟಿಮುಟ್ಟಿನದು ಕೊಟ್ಟರೇನು? ನನಗೆ ಕೊಟ್ಟದ್ದು ಮಾತ್ರ ಖೊಟ್ಟಿ ಮಾಲೇ? ತಳ ಸಹ ಮಾಳಿಂಗನಿಗೇ ಗಟ್ಟಿ, ಗಾಳಿ ಸಹ ಮಾಳಿಂಗನಿಗೇ ಅನುಕೂಲ. ಹೊಟ್ಟೆಯಲ್ಲಿ ಕೆಂಡ ಹೊತ್ತಿಕೊಂಡ ಮನುಷ್ಯನಿಗೆ ಬೇಕಾದದ್ದು ತನ್ನ ದೋಣಿ ರಿಪೇರಿಯಾಗುವುದಲ್ಲ, ಎದುರಿನದು ಒಡೆಯುವುದು.

ತಡೆಯಲಾಗದೆ ಆಷಾಢದ ಒಂದು ಮಧ್ಯಾಹ್ನ, ಮಾಳಿಂಗ ಊಟಕ್ಕೆ ಹೋದ ಹೊತ್ತು, ಆ ದೋಣಿಗೆ ಹತ್ತಿ ಹಲಗೆ ಎತ್ತಿ ನೋಡಿದ. ಕಂಬದ ಬುಡದಲ್ಲಿ, ಗುಣಿಯ ಅಂಚಿಗೆ, ಒಂದು ಬಿಳಿ ಗೆರೆ. ಕೂದಲೆಳೆಯಷ್ಟು. ಉಗುರಿನಿಂದ ತಡವಿದ. ಉಗುರು ಸಿಕ್ಕಿಕೊಂಡಿತು.

ಮನಸ್ಸು ತಣ್ಣಗಾಯಿತು. ಹಲಗೆ ಮೊದಲಿದ್ದ ಹಾಗೆಯೇ ಇಟ್ಟು ಮನೆಗೆ ಬಂದ. ತಿಂಗಳಾನುಗಟ್ಟಲೆ ಸರಿಯಾಗಿ ಉಣ್ಣದವನು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಕೇಳಿದ. ನಿಂಬೆವ್ವ ಹಿಗ್ಗಿದಳು. "ಜ್ವರ ಬಿಟ್ಟಂಗ ಕಾಣಸ್ತದ," ಎಂದು ಸೇಂಗಾ ಹಿಂಡಿ ಬಡಿಸಿದಳು.

ಮಾಳಿಂಗನ ದೋಣಿಯಲ್ಲಿ ದಿನಾ ಕಸ್ತೂರಿಬಾಯಿ ಸೇರಿ ಏಳು ಜನ ಹೆಣ್ಣುಮಕ್ಕಳು ಕೂಡುತ್ತಾರೆ ಎಂಬುದು ಹಣಮಂತ್ರಾಯನಿಗೆ ಗೊತ್ತಿತ್ತು. ಅವರಲ್ಲಿ ಆರು ಮಂದಿಗೆ ಈಜು ಬಾರದು ಎಂಬುದೂ ಗೊತ್ತಿತ್ತು. ರೊಟ್ಟಿ ಮುರಿಯುವಾಗ ಇದು ನೆನಪಾಗಲಿಲ್ಲವೇ? ಆಯಿತು. ಆ ನೆನಪನ್ನು ಅವನು ರೊಟ್ಟಿಯ ಜೊತೆಗೇ ನುಂಗಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಕಳೆಯಿತು. ನಾಡಿದ್ದೂ ಕಳೆಯಿತು.

ಮೂರನೆಯ ದಿನ ಇಳಿಹೊತ್ತು. ಪಡುವಣದಿಂದ ಗಾಳಿ ಹೊಳೆಯ ಮೈ ಕೆದರಿತ್ತು. ಆಚೆ ದಂಡೆಯಿಂದ ಹೊರಟ ನೀಲಿ ದೋಣಿ ಹಾಯಿ ತುಂಬಿಕೊಂಡು ಬರುತ್ತಿತ್ತು, ಹಿಂದೆ ಹಗ್ಗದ ತುದಿಗೆ ಹರಗೋಲು ಕುಣಿಯುತ್ತಿತ್ತು. ಕಸ್ತೂರಿಬಾಯಿ ಕಂಬಕ್ಕೆ ಒರಗಿ ಕೂತಿದ್ದಳು. ನಟ್ಟನಡುವೆ ಬರುತ್ತಿದ್ದಂತೆ ಹಾಯಿ ಒಮ್ಮೆಲೇ ಗಿಡ್ಡವಾಯಿತು. ದಂಡೆಯಲ್ಲಿದ್ದವರಿಗೆ ಏನೆಂದು ತಿಳಿಯಲಿಲ್ಲ. ಹಣಮಂತ್ರಾಯನಿಗೆ ತಿಳಿಯಿತು. ಕಂಬ ತಳ ಸೀಳಿಕೊಂಡು ಇಳಿದಿತ್ತು. ಮರುಗಳಿಗೆ ಅದು ಅಡ್ಡ ಬಿತ್ತು. ಹೆಂಗಸರ ಕೂಗು ಗಾಳಿಯಲ್ಲಿ ಹರಿದು ಹರಿದು ಬಂತು.

"ಹಣಮಂತ್ರಾಯ! ನಿನ್ನ ದೋಣಿ ಬಿಡಲೇ! ಹಾಯಿ ಏರ್ಸು! ನಿಂದೇ ಜಲ್ದಿ ಮುಟ್ಟೋದು!" ಖಲೀಲ ಅಂಗಡಿಯಿಂದ ಓಡಿಬರುತ್ತ ಚೀರಿದ.

ಹಣಮಂತ್ರಾಯ ತನ್ನ ದೋಣಿಯ ಪಕ್ಕದಲ್ಲೇ ನಿಂತಿದ್ದ. ಕೈ ಹಗ್ಗದ ಮೇಲಿತ್ತು. ಹಗ್ಗ ಬಿಚ್ಚಲಿಲ್ಲ. ಆ ದೋಣಿಯಲ್ಲಿ ಹಾಯಿ ಏರಿಸಿದರೆ ಏನಾಗುತ್ತದೆ ಎಂದು ಇಡೀ ದಂಡೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹುಟ್ಟು ಹಾಕಿಕೊಂಡು ಹೋಗಬಹುದಿತ್ತು. ಅದೂ ಅವನಿಗೆ ಹೊಳೆಯಲಿಲ್ಲ. ಖಲೀಲನೂ ಇನ್ನಿಬ್ಬರೂ ಸಿಕ್ಕ ಹರಗೋಲು ಹತ್ತಿ ಹೋದರು.

ಅವರು ಮುಟ್ಟುವುದರೊಳಗೆ ಮಾಳಿಂಗ ಮಾಡಬೇಕಾದದ್ದನ್ನು ಮಾಡಿದ್ದ. ಮುಳುಗುತ್ತಿದ್ದ ದೋಣಿಯಿಂದ ಹಗ್ಗ ಜಗ್ಗಿ ಹರಗೋಲನ್ನು ಮಗ್ಗುಲಿಗೆ ಎಳೆದುಕೊಂಡು, ಒಬ್ಬೊಬ್ಬರನ್ನೇ ಅದಕ್ಕೆ ದಾಟಿಸಿದ್ದ. ಜೀಪಿನ ಹಿಂದಿನ ಸೈಕಲ್ಲು ಎಂಟು ಜೀವ ಹೊತ್ತುಕೊಂಡು ದಂಡೆಗೆ ಬಂತು. ಎಲ್ಲರೂ ಬದುಕಿದರು. ಕಸ್ತೂರಿಬಾಯಿಯ ಬಲಗಾಲು ಮಾತ್ರ ಕಂಬದಡಿ ಸಿಕ್ಕು ಮೊಣಕಾಲ ಕೆಳಗೆ ಎರಡು ತುಂಡಾಗಿತ್ತು. ಅವಳನ್ನು ಮೂರುಗಾಲಿಯ ಟಂಟಂನಲ್ಲಿ ಮಲಗಿಸಿ, ಇಬ್ಬರು ಹೆಣ್ಣುಮಕ್ಕಳನ್ನು ಜೊತೆ ಮಾಡಿ ಅಫಜಲಪುರದ ದವಾಖಾನೆಗೆ ಕಳಿಸಿದರು. ಮಾಳಿಂಗ ಹತ್ತಲಿಲ್ಲ.

"ನೀವು ನಡೀರಿ. ನಾ ಹಿಂದಿಂದ ಖಲೀಲನ ಗಾಡಿಮ್ಯಾಲ ಬರ್ತೇನಿ. ಒಂದು ಕೆಲಸ ಅದ."

ಮೈಯಿಂದ ನೀರು ಸುರಿಯುತ್ತಿದ್ದಂತೆಯೇ ಅವನು ಹಣಮಂತ್ರಾಯನ ಹತ್ತಿರ ಓಡಿಬಂದ. ಹಣಮಂತ್ರಾಯ ಹೊಡೆತಕ್ಕೆ ಮುಖ ತಯಾರು ಮಾಡಿಕೊಂಡು ನಿಂತ. ಹೊಡೆದಿದ್ದರೆ ಎಷ್ಟು ಹಗುರಾಗುತ್ತಿತ್ತೋ.

"ಅಣ್ಣಾ, ಮೊದಲ ನಿನ್ನ ದೋಣಿ ಹೊರಗ ಎಳಿ!" ಎಂದ ಮಾಳಿಂಗ, ಏದುಸಿರು ಬಿಡುತ್ತ. "ಕಂಬದ ಬುಡಕ್ಕ ತಳ ಸೀಳ್ತದ. ನಿಂದೂ ಅದೇ ಮಾಲು. ನಾಳಿ ನಿಂಬೆವ್ವ ವೈನೀನ ಕೂಡಿಸ್ಕೊಂಡು ನೀ ಹೊಂಟ್ರ ಏನ್ ಗತಿ? ನನ್ನ ಹಿಂದ ಹರಗೋಲಿತ್ತು, ನಿನ್ನ ಹಿಂದ ಏನದ?"

ಹೆಂಡತಿ ಕಾಲು ಮುರಿದುಕೊಂಡು ದವಾಖಾನೆಗೆ ಹೋಗುತ್ತಿದ್ದಾಳೆ, ಇವನು ನನ್ನನ್ನು ಉಳಿಸಲು ಬಂದಿದ್ದಾನೆ! ಹಣಮಂತ್ರಾಯನಿಗೆ ಆ ಗಳಿಗೆಯಲ್ಲೂ ಏನನ್ನಿಸಿತು ಗೊತ್ತೇ? ಇಷ್ಟು ಒಳ್ಳೆಯವನಾಗಿರುವುದೂ ಇವನ ಪಾಲಿಗೇ ಬಂತಲ್ಲ ಎಂದು ಹೊಟ್ಟೆ ಉರಿಯಿತು.

"ಬ್ಯಾಡ ಬಿಡು, ನಾ ನೋಡ್ಕೋತೇನಿ," ಎಂದು ಅಡ್ಡ ನಿಂತ. ಮಾಳಿಂಗ ಕೇಳಲಿಲ್ಲ. ಅವನನ್ನು ಸರಿಸಿ ದೋಣಿಗೆ ಹಾರಿ ಹಲಗೆ ಎತ್ತಿದ. ಕೂಗು ಕೇಳಿ ಮನೆಯಿಂದ ಬಂದಿದ್ದ ನಿಂಬೆವ್ವನೂ ಖಲೀಲನೂ ಬಗ್ಗಿ ನೋಡಿದರು.

ಕಂಬದ ಬುಡದಲ್ಲಿ ಡಾಂಬರಿನ ಪದರುಗಳು. ಒಂದರ ಮೇಲೊಂದು, ಹಳೆಯದರ ಮೇಲೆ ಹೊಸದು. ಸುತ್ತ ನಾಲ್ಕು ಬೆರಳು ನೀರು. ಡಾಂಬರಿನ ಅಂಚಿನಿಂದ ಒಂದು ಹಸಿರು ಬಟ್ಟೆಯ ತುದಿ ಹೊರಗೆ ಇಣುಕಿತ್ತು. ನಿಂಬೆವ್ವ ಕೈಹಾಕಿ ಅದನ್ನು ಎಳೆದಳು. ಸೆರಗಿನ ಅಂಚು. ಹಳದಿ ಗೆರೆ.

"ಇದು ಶ್ರಾವಣದಾಗ ಕಳದದ್ದು," ಎಂದಳು ಅವಳು ಮೆಲ್ಲಗೆ. ಆಮೇಲೆ ಗಂಡನ ಕಡೆ ತಿರುಗಿದಳು. "ಹ್ವಾದ ಶ್ರಾವಣದಾಗ!"

ಮಾಳಿಂಗ ಬಹಳ ಹೊತ್ತು ಆ ಡಾಂಬರು ನೋಡಿದ. ಹಲಗೆಯನ್ನು ಸಾವಕಾಶ ಕೆಳಗಿಟ್ಟ. ದೋಣಿಯಿಂದ ಇಳಿದು ಲುಂಗಿಯ ನೀರು ಹಿಂಡಿದ.

"ಅವತ್ತು ನೀ ಮೂತಿಮ್ಯಾಲ ಕೈ ಇಡ್ಲಿಲ್ಲ," ಎಂದ. "ಕಂಬ ಹಿಡ್ಕೊಂಡಿದ್ದಿ. ನಾ ನೋಡಿದ್ದೆ ಅಣ್ಣಾ. ಗಾಳಿ ಅದ, ಜೋಲಿ ತಪ್ಪಿರಬೇಕು, ಅದಕ್ಕ ಹಿಡದಾನ ಅಂತ ತಿಳ್ಕೊಂಡೆ."

ಅಷ್ಟು ಹೇಳಿ ಖಲೀಲನ ಗಾಡಿ ಹತ್ತಿ ಹೆಂಡತಿಯ ಹತ್ತಿರ ಹೋದ. ಕಂಬ ಹಿಡಿದ ಆ ದಿನ ಸುಯ್ಯೆನ್ನುವ ಗಾಳಿಯೇ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಇದಾಗಿ ವರ್ಷವಾಗುತ್ತ ಬಂತು. ಕಂಪನಿಗೆ ಮಾಳಿಂಗನೇ ಫೋನ್ ಮಾಡಿ, ಹತ್ತಕ್ಕೆ ಸೊನ್ನೆ ಎಂದು ಬರೆಸಿ, ಒಡೆದ ತಳದ ಫೋಟೋ ಕಳಿಸಿದ. ಕಸ್ತೂರಿಬಾಯಿ ಕೋಲು ಹಿಡಿದು ಹರಗೋಲಿಗೆ ಬಂದು ಕೂಡುತ್ತಾಳೆ. ಈಗಲೂ ನಗುತ್ತಾಳೆ, ಮೊದಲಿನಷ್ಟು ಅಲ್ಲ. ಹಣಮಂತ್ರಾಯನನ್ನು ಯಾರೂ ಬೈಯಲಿಲ್ಲ, ಘಾಟಿನಿಂದ ಓಡಿಸಲಿಲ್ಲ. ನೀಲಿ ದೋಣಿ ಬೇಲಿಯ ಮರೆಯಲ್ಲಿ ಬೋರಲು ಬಿದ್ದಿದೆ, ಅದರ ಮೇಲೆ ಕೋಳಿ ಕೂಡುತ್ತವೆ. ಹಸಿರು ಸೆರಗಿನ ತುಂಡನ್ನು ನಿಂಬೆವ್ವ ಒಗೆದು ಗೂಟಕ್ಕೆ ಹಾಕಿದ್ದಾಳೆ. ತೆಗೆ ಅನ್ನಲು ಅವನಿಗೆ ಬಾಯಿಲ್ಲ.

ಮೊನ್ನೆ ಒಬ್ಬನಿಗೆ ಡೀಸೆಲ್ ಪಂಪು ಕೊಳ್ಳಬೇಕಿತ್ತು. ಅಂಥದ್ದೇ ಪಂಪು ಹಣಮಂತ್ರಾಯನ ಹತ್ತಿರ ಆರು ವರ್ಷದಿಂದ ಇದೆ, ನಿಜವಾಗಿಯೂ ಛಲೋ ಇದೆ. ಅವನು ಬಾಗಿಲಿಗೆ ಬಂದು, ಪಂಪಿನ ಹ್ಯಾಂಡಲಿನ ಮೇಲೆ ಕೈಯಿಟ್ಟು ನಿಂತ, ಕೇಳಲಿ ಎಂದು. ಬಂದವನು ನಮಸ್ಕಾರ ಮಾಡಿ ಮುಂದೆ ಹೋದ. ಪಂಪೇ ಇಲ್ಲದ ಮಾಳಿಂಗನ ಮನೆಗೆ ಕೇಳಲು ಹೋದ. ಹಣಮಂತ್ರಾಯನ ಕೈ ಹ್ಯಾಂಡಲಿನ ಮೇಲೇ ಉಳಿಯಿತು. ಅವನಿಗೆ ಈಗಲೂ ಮಾಳಿಂಗನ ಮೇಲೆ ಹೊಟ್ಟೆಕಿಚ್ಚು. ಈಗಿನದು ಮೀನಿನ ಸಲುವಾಗಿ ಅಲ್ಲ.

ಇನ್ನು ನೀವು. ಹಣಮಂತ್ರಾಯನನ್ನು ಬೈದುಕೊಳ್ಳುತ್ತ ಇಲ್ಲಿಯತನಕ ಬಂದಿದ್ದೀರಿ, ಸಂತೋಷ. ನಿಮ್ಮ ಮನೆಯಲ್ಲೂ ಒಂದು ನೀಲಿ ದೋಣಿ ಇದೆ. ಗಾಡಿಯೋ, ಬೀಜವೋ, ಸೈಟೋ, ಮಕ್ಕಳ ಶಾಲೆಯೋ. ಅದರ ಬಿರುಕು ನಿಮಗೆ ಗೊತ್ತಿದೆ, ತುರುಕಿದ ಬಟ್ಟೆಯ ಬಣ್ಣವೂ ಗೊತ್ತಿದೆ. ಅದನ್ನೇ ಹೊಗಳಿ ನೀವು ಇನ್ನೊಬ್ಬನಿಂದ ಕೊಳ್ಳಿಸಿದ್ದೀರಿ. ಅವನ ಹೆಸರು ಈಗ ನಿಮ್ಮ ನಾಲಿಗೆಯ ತುದಿಯಲ್ಲಿದೆ. ಅವನ ಹಿಂದೆ ಹರಗೋಲು ಕಟ್ಟಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಈ ಕಾಗದ ಕೆಳಗಿಡಿ. ಎದ್ದು ಹೋಗಿ, ನಾಳೆ ಅಲ್ಲ, ಈಗಲೇ ಹೋಗಿ, ಅವನಿಗೆ ನಿಜ ಹೇಳಿ.